ದೆವ್ವದ ಹಡಗಿನ ಬಡಗಿ

ಬಂದರಿನ ವಸತಿಗೃಹದಲ್ಲಿ ಚಾದರ ಒಗೆಯುವ ಮುದುಕಿಗೆ ದೆವ್ವದ ಹಡಗಿನ ಕಥೆ ಕೇಳಿದರೆ ಮೈ ಉರಿಯುತ್ತಿತ್ತು. ಮಂಜು ಮುಸುಕಿದಾಗ ಆ ಹಡಗು ದೀಪ ಹಚ್ಚಿಕೊಂಡು ಇಂದಿಗೂ ಅಲೆಯುತ್ತದೆಂದು ಊರೆಲ್ಲ ಹೇಳುತ್ತಿತ್ತು. ಅದರಲ್ಲಿ ಬಡಗಿಯಾಗಿ ಹೋದವನು ಅವಳ ಗಂಡ. "ತಳದ ಹಲಗೆ ಲಡ್ಡಾಗಿದೆ ಕಣೇ, ಉಳಿ ಇಟ್ಟರೆ ಬೆಣ್ಣೆಗೆ ಇಳಿದ ಹಾಗೆ ಇಳಿಯುತ್ತೆ. ಯಜಮಾನರು ಕಿವಿಗೇ ಹಾಕ್ಕೊಳ್ಳಲ್ಲ," ಅಂದು ಹೊರಟಿದ್ದ. ಹಡಗು ಮರಳಲಿಲ್ಲ. ಮಂಜಿನಲ್ಲಿ ಅದರ ದೀಪ ಕಂಡೆವೆಂದು ಮೊದಲು ಹೇಳಿದವರು ಯಜಮಾನನ ಕಡೆಯವರೇ. ದೆವ್ವವಾಗಿ ಅಲೆಯುವ ಹಡಗು ಮುಳುಗಿದ್ದು ಯಾಕೆಂದು ಆಮೇಲೆ ಯಾರೂ ಕೇಳಲಿಲ್ಲ.

ಈಗ ಅವಳ ಅಳಿಯನೇ ಪ್ರವಾಸಿಗರನ್ನು ದೋಣಿಯಲ್ಲಿ ಕೂರಿಸಿಕೊಂಡು ಆ ಕಥೆ ಹೇಳುತ್ತಿದ್ದ. ಒಂದು ದಿನ ಅವಳೂ ಹತ್ತಿದಳು. ಅವನು ದೀಪದ ಮಾತಿಗೆ ಬಂದಾಗ ಎದ್ದು ನಿಂತು, "ದೆವ್ವವೂ ಇಲ್ಲ, ಗಿವ್ವವೂ ಇಲ್ಲ. ಕೊಳೆತ ಹಡಗಲ್ಲಿ ಕಳಿಸಿ ಅವರನ್ನ ಕೊಂದರು. ನನ್ನ ಗಂಡ ಅದರಲ್ಲಿದ್ದ," ಅಂದಳು. ಪ್ರವಾಸಿಗನೊಬ್ಬ ಚಪ್ಪಾಳೆ ತಟ್ಟಿದ. "ಅಜ್ಜಿ, ಪಾತ್ರ ಚೆನ್ನಾಗಿ ಮಾಡ್ತೀರ!"

ಅಳಿಯ ಬೈಯಲಿಲ್ಲ. "ಅತ್ತೆ, ಇನ್ಮೇಲೆ ದೋಣಿ ಕಡೆ ಬರಬೇಡಿ," ಎಂದನಷ್ಟೆ. ಕೆಲವು ದಿನಗಳ ಬಳಿಕ ಅವಳು ದಡದಲ್ಲಿ ಚಾದರ ಒಣಹಾಕುತ್ತಿದ್ದಾಗ, ಹೊರಟ ದೋಣಿಯಿಂದ ಅವನ ದನಿ ಕೇಳಿಸಿತು: "ಅಲ್ಲಿ ನೋಡಿ, ಆ ಹಡಗಿನ ಬಡಗಿಯ ಹೆಂಡತಿ. ಪಾಪ, ಅಂದಿನಿಂದ ತಲೆ ಕೆಟ್ಟಿದೆ."

ದೋಣಿಯವರೆಲ್ಲ ತಿರುಗಿ ನೋಡಿದರು. ಅವಳು ಕೂಗಲು ಬಾಯಿ ತೆರೆದಳು. ಕೂಗಿದರೆ ಅವನ ಮಾತೇ ನಿಜವಾಗುತ್ತದೆಂದು ಹೊಳೆದು, ಬಾಯಿ ಮುಚ್ಚಿಕೊಂಡು ಇನ್ನೊಂದು ಚಾದರ ಹಿಂಡಿದಳು.