ಸಿರಾದ ಕಷಾಯದ ಸಾಹೇಬರು

ಸಿರಾದಲ್ಲಿ ಮೇಷ್ಟ್ರಾಗಿದ್ದಾಗ ನಾನು ಬೆಳಿಗ್ಗೆ ಆರೂವರೆಗೆ ಸರಿಯಾಗಿ ಬಸ್ ನಿಲ್ದಾಣದ ಎದುರಿನ ಕಷಾಯದ ಅಂಗಡಿಯಲ್ಲಿರುತ್ತಿದ್ದೆ. ಅಂಗಡಿಯ ಸಾಹೇಬರು ತಂಗಡಿ ಹೂವು, ಶುಂಠಿ, ಬೆಲ್ಲ ಹಾಕಿ ಕುದಿಸುತ್ತಿದ್ದರು. ಯಾರು ಯಾವ ಕಾಯಿಲೆ ಹೇಳಲು ಬಾಯಿ ತೆರೆದರೂ ಲೋಟ ಮುಂದೆ ತಳ್ಳಿ, "ಮೊದ್ಲು ಕುಡೀರಿ, ಆಮೇಲ್ ಹೇಳೀರಂತೆ" ಎನ್ನುತ್ತಿದ್ದರು. ಕುಡಿದವರು ಬೆವರು ಒರೆಸಿಕೊಳ್ಳುವುದರಲ್ಲಿ ಕಾಯಿಲೆಯನ್ನೇ ಮರೆಯುತ್ತಿದ್ದರು.

ಗಿಡಮೂಲಿಕೆಗಳಲ್ಲಿ ಕ್ಯಾನ್ಸರಿಗೆ ಮದ್ದು ಹುಡುಕುತ್ತಿದ್ದಾರೆಂಬ ಸುದ್ದಿಯನ್ನು ಪತ್ರಿಕೆಯಿಂದ ಸಾಹೇಬರಿಗೆ ಓದಿ ಹೇಳಿದವನು ನಾನೇ. ಮರುದಿನ ಹೋಗುವಷ್ಟರಲ್ಲಿ ಅಂಗಡಿಯ ಕರಿಹಲಗೆಯಲ್ಲಿ ನೆಗಡಿ, ಅಜೀರ್ಣಗಳ ಕೆಳಗೆ ಸೀಮೆಸುಣ್ಣದಲ್ಲಿ 'ಕ್ಯಾನ್ಸರ್' ಸೇರಿತ್ತು.

"ಇನ್ನೂ ಹುಡುಕ್ತಾ ಇದಾರೆ ಸಾಹೇಬ್ರೆ" ಎಂದೆ.

"ಹುಡುಕ್ಕೊಂಡು ಇಲ್ಲಿಗೇ ಬರ್ಲಿ ಮೇಷ್ಟ್ರೆ" ಎಂದರು.

ವಾರದೊಳಗೆ ಬುಕ್ಕಾಪಟ್ಟಣದಿಂದ ಒಬ್ಬ ಹೆಂಗಸು ಬಂದಳು. ಸೆರಗು ಸರಿಸಿ ಕತ್ತಿನ ಗಡ್ಡೆ ತೋರಿಸಿದಳು. "ಡಾಕ್ಟ್ರು ಬೆಂಗ್ಳೂರು ದೊಡ್ಡಾಸ್ಪತ್ರೆಗೆ ಹೋಗು ಅಂದ್ರು. ನಿಮ್ ಬೋರ್ಡಲ್ಲಿ ಇದೂ ಬರ್ದೈತಂತೆ, ಅದ್ಕೇ ಇಲ್ಲಿಗೇ ಬಂದ್ಬುಟ್ಟೆ ಕಣಣ್ಣ."

ಸಾಹೇಬರು ಲೋಟ ಮುಟ್ಟಲಿಲ್ಲ. ಕರಿಹಲಗೆಗೆ ಬೆನ್ನು ಕೊಟ್ಟು ನಿಂತು, ಮೈ ತುರಿಸಿಕೊಳ್ಳುವ ಎಮ್ಮೆಯಂತೆ ಎಡಕ್ಕೂ ಬಲಕ್ಕೂ ಉಜ್ಜಿದರು. ಆಮೇಲೆ ಪಕ್ಕಕ್ಕೆ ಸರಿದು, "ಎಲ್ಲಿ ಬರ್ದೈತಮ್ಮ?" ಎಂದರು. ನೆಗಡಿ, ಅಜೀರ್ಣಗಳೂ ಹೋಗಿದ್ದವು.

ಆಕೆ ಹಲಗೆಯನ್ನೇ ನೋಡುತ್ತಾ ಕೂತಳು. ಸಾಹೇಬರು ಒಲೆ ಆರಿಸಿ, ಬಾಗಿಲು ಹಾಕಿ, ಅವಳನ್ನು ಕರೆದುಕೊಂಡು ಹೋಗಿ ಬೆಂಗಳೂರಿನ ಬಸ್ಸು ಹತ್ತಿಸಿದರು. ತಾವೂ ಹತ್ತಿದರು.

ಕಂಡಕ್ಟರ್ ನಕ್ಕ. "ಇದೇನ್ ಸಾಬ್ರೆ, ಕಪ್ಪು ಕೋಟೆಲ್ಲ ಸುಣ್ಣ ಮಾಡ್ಕೊಂಡಿದೀರ?"

"ತಪ್ಪು ಬರ್ದಿದ್ದೆ, ಅಳಿಸ್ದೆ. ದೊಡ್ಡಾಸ್ಪತ್ರೆ ಹತ್ರ ಇಳಿಸ್ಬೇಕು, ಇಬ್ರಿಗೆ ಟಿಕೆಟ್ ಕೊಡಪ್ಪ."