ಸೂಪರ್‌ವೈಸರ್ ಅಂಕಲ್ ಅವರ ಬಲಗಿವಿ

ಮಾತಾಡುವವರ ಕಡೆಗೆ ಬಲಗಿವಿ ಕೊಟ್ಟೂ ಕೊಟ್ಟೂ ಅಂಕಲ್ ಕುತ್ತಿಗೆಯೇ ಓರೆಯಾಗಿಬಿಟ್ಟಿತ್ತು. ಆರಡಿ ಎತ್ತರ, ಫೌಜಿನಲ್ಲಿ ನೆಟ್ಟಗಾದ ಬೆನ್ನು. ತಲೆ ಮಾತ್ರ ಸದಾ ಎಡಕ್ಕೆ ತಿರುಗಿ, ಪಕ್ಕದ ಗೋಡೆಯ ಮೇಲೆ ಏನೋ ಓದುತ್ತಿರುವವರ ಹಾಗೆ ಕಾಣುತ್ತಿದ್ದರು. ಯಾರ ಜೊತೆ ನಡೆದರೂ ಅವರ ಎಡಗಡೆಗೇ ಬಂದು ಸೇರಿಕೊಳ್ಳುತ್ತಿದ್ದರು. ನಾವು ತಿಳಿಯದೆ ಇನ್ನೊಂದು ಕಡೆ ಹೋದರೆ, ಭುಜ ಹಿಡಿದು ಮೆಲ್ಲಗೆ ಈಚೆಗೆ ತಂದು ನಿಲ್ಲಿಸುತ್ತಿದ್ದರು, ಮೂಟೆ ಪೇರಿಸುವ ಮರದ ಪ್ಯಾಲೆಟ್ ಅನ್ನು ಅದರ ಜಾಗಕ್ಕೆ ಇಡುವ ಹಾಗೆ. ಎಡಗಿವಿ ಪೂರ್ತಿ ಹೋಗಿತ್ತು. ಬಲಭುಜಕ್ಕೆ ಬಂದೂಕು ಆನಿಸಿ ಹೊಡೆಯುವವರಿಗೆ ನಳಿಗೆಯ ಬಾಯಿ ಎಡಗಿವಿಗೇ ಹತ್ತಿರ. ಇದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ, ಓದಿದ ಮೇಲೆ.

ಅಮೆರಿಕದ ನ್ಯೂ ಜರ್ಸಿಯ ಸೀಕಾಕಸ್‌ನಲ್ಲಿ ನಮ್ಮ ದೇಶದ ದಿನಸಿ ಇಳಿಸುವ ಒಂದು ಗೋದಾಮು. ಅಲ್ಲಿ ಅವರು ಸೂಪರ್‌ವೈಸರ್, ಅವರ ಕೈಕೆಳಗೆ ನಮ್ಮಪ್ಪ ಮೂಟೆ ಇಳಿಸುತ್ತಿದ್ದ. ಅಪ್ಪ ಓದಿದ್ದು ಏಳನೇ ಕ್ಲಾಸು. ದಾವಣಗೆರೆಯಲ್ಲಿ ಮಿಲ್ಲು ಮುಚ್ಚಿದ ಮೇಲೆ ಸೋದರತ್ತೆಯ ಸ್ಪಾನ್ಸರ್‌ಶಿಪ್‌ನಲ್ಲಿ ನಾವು ಇಲ್ಲಿಗೆ ಬಂದೆವು. ಅಮ್ಮ ಕೇಟರಿಂಗ್ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದಳು. ನನಗೆ ಆಗ ಹದಿನೈದು. ಶಾಲೆಯಲ್ಲಿ ಇಂಗ್ಲಿಷ್ ಬಾರದೆ ಒಂದು ವರ್ಷ ಬಾಯಿ ಬಿಡಲಿಲ್ಲ. ಕಾಲೇಜಿಗೆ ಎರಡು ಬಸ್ಸು, ಒಂದು ಟ್ರೈನು. ನಮ್ಮ ವಂಶದಲ್ಲಿ ಪದವಿ ಪಡೆದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಕಾಲೇಜಿನ ದಿನಗಳಲ್ಲಿ ಶನಿವಾರಗಳಂದು ನಾನೂ ಆ ಗೋದಾಮಿನ ಆಫೀಸಿನಲ್ಲಿ ಲೇಬಲ್ ಪ್ರಿಂಟ್ ಮಾಡುತ್ತಿದ್ದೆ. ಎಲ್ಲರಿಗೂ ಅವರು ಸೂಪರ್‌ವೈಸರ್. ನಾನು ಕೊನೆಗೆ ಒಂದು ಅಂಕಲ್ ಸೇರಿಸಿದೆ. ಅವರು ಯಾರನ್ನೂ ಗದರಿದ್ದು ನಾನು ಕಂಡಿಲ್ಲ. ಯಾರಾದರೂ ಅವಸರದಲ್ಲಿ ಪ್ಯಾಲೆಟ್‌ಗೆ ಕೈ ಹಾಕಿದರೆ ಒಂದೇ ಮಾತು: “ಮೊದಲು ನೋಡು, ಆಮೇಲೆ ಮುಟ್ಟು.” ಫೌಜಿನಲ್ಲಿ ಇಪ್ಪತ್ತು ವರ್ಷ ಹೊಸ ಹುಡುಗರಿಗೆ ಬಂದೂಕು ಕಲಿಸಿದವರ ಮಾತು ಅದು. ಮೆಣಸಿನಕಾಯಿ ಮೂಟೆಗೂ ಅದನ್ನೇ ಹೇಳುತ್ತಿದ್ದರು.

ಅವರು ಕೊಡಗಿನವರು. ಹೆಂಡತಿ, ಅಂದರೆ ಆಂಟಿ, ನರ್ಸ್. ಅವರ ಕೆಲಸದ ಮೇಲೆ ಇಬ್ಬರೂ ಇಲ್ಲಿಗೆ ಬಂದಿದ್ದರು. ಮಕ್ಕಳಿರಲಿಲ್ಲ. ಡೆಲಾವೇರ್ ನದಿಯ ಆಚೆ, ಪೆನ್ಸಿಲ್ವೇನಿಯಾದಲ್ಲಿ ಮನೆ. “ಇಷ್ಟು ದೂರದಿಂದ ಯಾಕೆ ಕಮ್ಯೂಟ್ ಮಾಡ್ತೀರಿ ಅಂಕಲ್?” ಎಂದು ಒಮ್ಮೆ ಕೇಳಿದೆ. “ಕೋವಿ ಇಲ್ಲದ ಮನೆಯಲ್ಲಿ ನನಗೆ ನಿದ್ದೆ ಬರುವುದಿಲ್ಲ. ನಿಮ್ಮ ಜರ್ಸಿಯವರಿಗೆ ಕೋವಿ ಕಂಡರೆ ನಿದ್ದೆ ಬರುವುದಿಲ್ಲ. ಅದಕ್ಕೆ ನದಿ ಮಧ್ಯ ಇರಲಿ ಅಂತ” ಎಂದರು. ಊಟದ ಹೊತ್ತಿನಲ್ಲಿ ಅವರ ಮನೆಯ ಪದ್ಧತಿಗಳನ್ನು ಹೇಳುತ್ತಿದ್ದರು. ಗಂಡುಮಗು ಹುಟ್ಟಿದರೆ ಕೋವಿಯಿಂದ ಒಂದು ಈಡು, ಯಾರಾದರೂ ತೀರಿಕೊಂಡರೆ ಒಂದರ ಹಿಂದೆ ಒಂದು ಎರಡು ಈಡು. ಎಣಿಸಿದರೆ ಸಾಕು, ಸುತ್ತಲಿನವರಿಗೆ ಸುದ್ದಿ ಮುಟ್ಟಿದ ಹಾಗೆ.

“ಹೆಣ್ಣುಮಗು ಹುಟ್ಟಿದ್ರೆ?” ಎಂದೆ.

ಅವರು ಸ್ವಲ್ಪ ಹೊತ್ತು ಅನ್ನ ಕಲಸಿದರು. “ನನ್ನ ತಂಗಿ ಹುಟ್ಟಿದಾಗ ಹೊಡೆಯಲಿಲ್ಲ. ನಾನು ಜಗಲಿಯಲ್ಲಿ ಕಾದು ಕೂತಿದ್ದೆ.”

ಆಂಟಿಯ ಶಿಫ್ಟು ಶುರುವಾಗುವ ಹೊತ್ತಿಗೆ ಇವರ ಶಿಫ್ಟು ಮುಗಿಯುತ್ತಿತ್ತು. ಹಾಗಾಗಿ ಅವರಿಬ್ಬರ ಮಾತುಕತೆಯೆಲ್ಲ ಫೋನಿನಲ್ಲಿ. ಸಂಜೆ ಪಾರ್ಕಿಂಗ್ ಲಾಟ್‌ನಲ್ಲಿ, ಡ್ರೈವ್ ಮಾಡುವ ಮೊದಲು, ಬಲಗಿವಿಗೆ ಫೋನ್ ಒತ್ತಿಕೊಂಡು ಅರ್ಧ ಗಂಟೆ ನಿಂತಿರುತ್ತಿದ್ದರು. ಹಿಮ ಬೀಳುತ್ತಿದ್ದರೂ ನಿಂತಿರುತ್ತಿದ್ದರು. ಕಾರಿನ ಸ್ಪೀಕರ್‌ನಲ್ಲಿ ಮಾತಾಡಬಹುದಲ್ಲ ಎಂದರೆ, “ಅದರಲ್ಲಿ ಅವಳ ಧ್ವನಿ ಬರುವುದಿಲ್ಲ, ಮಾತು ಮಾತ್ರ ಬರುತ್ತದೆ” ಎನ್ನುತ್ತಿದ್ದರು.

ನಾನು ಕಿವಿಯ ಪರೀಕ್ಷೆ ಕಲಿಯುವ ಕೋರ್ಸು ಸೇರಿದ್ದಕ್ಕೆ ಅವರ ಆ ಓರೆ ಕುತ್ತಿಗೆಯೂ ಒಂದು ಕಾರಣ. ಅಭ್ಯಾಸಕ್ಕೆ ಯಾರಾದರೂ ಕಿವಿ ಕೊಡಬೇಕಿತ್ತು. ಅವರೇ ಬಂದರು. ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದೆ. ಎಲ್ಲರೂ ಹೆಬ್ಬೆರಳಿನಿಂದ ಒತ್ತುತ್ತಾರೆ. ಅವರು ತೋರುಬೆರಳಿನಿಂದ, ಉಸಿರು ಹಿಡಿದು, ನಿಧಾನವಾಗಿ ಒತ್ತಿದರು. ನಾನು ನನ್ನ ಕೈಯಾರೆ ಬರೆದ ಮೊದಲ ಶ್ರವಣಶಕ್ತಿಯ ನಕ್ಷೆ ಅವರದು. ಎಡಗಿವಿಯ ಗೆರೆ ತಳದಲ್ಲಿ ಮಲಗಿತ್ತು. ಬಲಗಿವಿಯ ಗೆರೆ ಕೊನೆಯಲ್ಲಿ ಕುಸಿಯಲು ಶುರುವಾಗಿತ್ತು.

“ಅಂಕಲ್, ಎಡಗಿವಿ ಬಿಡಿ, ಅದು ಹೋಯ್ತು. ಈಗ ಬಲಗಿವೀನೂ ಹೊರಟಿದೆ.”

“ಎಲ್ಲಿಗೆ ಹೊರಟದ್ದು?”

“ತಮಾಷೆ ಬೇಡ. ಪ್ರತಿ ಭಾನುವಾರ ಶೂಟ್ ಮಾಡ್ತೀರಲ್ಲ, ಕಿವಿಗೆ ಏನು ಹಾಕ್ತೀರಿ?”

“ಎಂಥದ್ದೂ ಇಲ್ಲ. ಕಿವಿ ಮುಚ್ಚಿ ಈಡು ಹೊಡೆಯುವುದು ಅಂದ್ರೆ ಮೂಗು ಮುಚ್ಚಿ ಊಟ ಮಾಡಿದ ಹಾಗೆ.”

“ಹಾಗಾದ್ರೆ ಆಂಟಿ ಫೋನ್ ಮಾಡಿದ್ರೆ ಇನ್ನು ಕೆಲವೇ ವರ್ಷ ಕೇಳಿಸುತ್ತೆ. ಆಮೇಲೆ ಇಲ್ಲ.”

ನನಗೆ ಮೆತ್ತಗೆ ಹೇಳಲು ಬರುವುದಿಲ್ಲ, ಈಗಲೂ. ಅವರು ಎದ್ದು ಹೋಗಲಿಲ್ಲ. ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿ, “ನಿಜವಾ?” ಎಂದರು. “ನಿಜ” ಎಂದೆ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು.

ಕೋವಿಯ ಸದ್ದು ತಗ್ಗಿಸುವ ಸೈಲೆನ್ಸರ್ ವಿಷಯ ಎತ್ತಿದ್ದು ನಾನು. ಅದನ್ನು ಜರ್ಸಿಯಲ್ಲಿ ಇಟ್ಟುಕೊಳ್ಳುವಂತಿಲ್ಲ. ನದಿಯಾಚೆ ಸರ್ಕಾರದ ಒಪ್ಪಿಗೆ ಪಡೆದು ಇಟ್ಟುಕೊಳ್ಳಬಹುದು. “ಕೋವಿಯ ಬಾಯಿಗೆ ಬಟ್ಟೆ ತುರುಕುವುದಾ?” ಎಂದು ಒಂದು ತಿಂಗಳು ಗೊಣಗಿದರು. ಕಿವಿಯೊಳಗೆ ಕೂರುವ ಪ್ಲಗ್ ಅನ್ನು ನಾನೇ ಅಚ್ಚು ತೆಗೆದು ಮಾಡಿಕೊಡುತ್ತೇನೆ, ಎರಡನ್ನೂ ಹಾಕಬೇಕು ಎಂದು ಹಟ ಹಿಡಿದೆ. ಕೊನೆಗೆ ಆಂಟಿ ಹೇಳಿದರಂತೆ, “ನಾನು ಮಾತಾಡುವುದು ನಿಲ್ಲಿಸಲಾ, ನೀವು ಅದನ್ನು ಹಾಕುತ್ತೀರಾ?” ಮಾರನೆಯ ದಿನವೇ ಅರ್ಜಿ ಹೋಯಿತು. ಬೆರಳಚ್ಚು, ಫೋಟೊ, ತಿಂಗಳುಗಟ್ಟಲೆ ಕಾಯುವುದು. ಒಪ್ಪಿಗೆ ಬಂದಾಗ ಅವರು ಅಂದದ್ದು, “ಗ್ರೀನ್ ಕಾರ್ಡಿಗಿಂತ ಬೇಗ ಬಂತು ಮಾರಾಯ್ತಿ.”

ಸೈಲೆನ್ಸರ್ ಮನೆಗೆ ಬಂದ ಮೇಲೂ ಅವರು ಅದನ್ನು ಪೆಟ್ಟಿಗೆಯಿಂದ ತೆಗೆಯಲಿಲ್ಲ. ನನ್ನ ಪದವಿ ಪ್ರದಾನ ಮುಗಿದ ವಾರದ ಭಾನುವಾರ ಬೆಳಿಗ್ಗೆ ಅಪ್ಪನನ್ನೂ ನನ್ನನ್ನೂ ಕರೆಸಿದರು. ನಮ್ಮ ಗೋದಾಮಿಗೆ ಕುಂಬಳಕಾಯಿ ತರುತ್ತಿದ್ದ ಒಬ್ಬ ಅಮೆರಿಕನ್ ಮುದುಕನ ಹೊಲ ಅವರ ಮನೆಯ ಹತ್ತಿರ. ಅದರ ಹಿಂದಿನ ಮಣ್ಣುದಿಬ್ಬಕ್ಕೆ ಗುರಿ ಇಟ್ಟು ಅವರು ಹೊಡೆಯುವುದು. ಆಂಟಿ ಫ್ಲಾಸ್ಕ್‌ನಲ್ಲಿ ಕಾಫಿ ತಂದಿದ್ದರು.

ಮೇಜಿನ ಮೇಲೆ ಹಳೆ ಟವೆಲ್ ಹಾಸಿ ರೈಫಲ್ ಮಲಗಿಸಿದರು. ಒಂದು ಸಲ ಒತ್ತಿದರೆ ಒಂದು ಗುಂಡು ಹಾರಿ, ಮುಂದಿನದು ತಾನೇ ಬಂದು ಕೂರುವ ಸೆಮಿ ಆಟೋಮ್ಯಾಟಿಕ್. ಖಾಲಿ ಇದೆಯೆಂದು ತಾವು ನೋಡಿದರು, ಆಂಟಿಗೆ ತೋರಿಸಿದರು, ನನಗೂ ತೋರಿಸಿದರು. ನಳಿಗೆಯ ತುದಿಯ ತಿರುಪನ್ನು ಒರೆಸಿದರು. ಗೇಣಿಗಿಂತ ಕೊಂಚ ಗಿಡ್ಡನೆಯ, ಸೈಲೆನ್ಸರ್ ಎಂಬ ಆ ಕಪ್ಪು ಕೊಳವೆಯನ್ನು ಬಾಟಲಿಯ ಮುಚ್ಚಳದಂತೆ ಕೈಯಲ್ಲೇ ತಿರುಗಿಸಿ ಬಿಗಿ ಮಾಡಿದರು. ಆಮೇಲೆ ನಳಿಗೆಯೊಳಗೆ ಒಂದು ತೆಳ್ಳನೆ ನೇರ ಕಡ್ಡಿ ಇಳಿಸಿ, ಅದು ಕೊಳವೆಯ ಬಾಯಿಯ ಸರಿ ನಡುವೆ ಹೊರಬರುತ್ತದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದರು. ಕೂದಲೆಳೆಯಷ್ಟು ಓರೆ ಕೂತಿದ್ದರೂ ಗುಂಡು ಒಳಗಿನದನ್ನೆಲ್ಲ ಹರಿದುಕೊಂಡು ಹೋಗುತ್ತದಂತೆ. “ನನ್ನ ಕುತ್ತಿಗೆಯ ಹಾಗೆ ಇರಬಾರದು” ಎಂದು ಕಡ್ಡಿ ತೆಗೆದರು.

ಅಪ್ಪ ನನ್ನ ಕಿವಿಯಲ್ಲಿ, “ಏನಮ್ಮ, ಇಷ್ಟೆಲ್ಲ ಯಾಕೆ, ಸದ್ದೇ ಬರಲ್ವೇನು?” ಎಂದ. “ಬರುತ್ತಪ್ಪ. ಸಿನಿಮಾದ ಥರ ಪುಸ್ ಅನ್ನಲ್ಲ” ಎಂದೆ.

ಅವರು ನಾನು ಮಾಡಿದ ಪ್ಲಗ್ ಹಾಕಿಕೊಂಡರು. ರೈಫಲ್ಲಿನ ಮ್ಯಾಗಝೀನ್‌ಗೆ ಒಂದೇ ಗುಂಡು ತುಂಬಿದರು. ನನ್ನ ಕಡೆ ತಿರುಗಿ ಹೇಳಿದರು: “ಇದು ನಿನ್ನದು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಹೊಡೆಯಲಿಲ್ಲ. ನಿನ್ನ ಮನೆಯಲ್ಲಿ ಮೊದಲ ಗ್ರಾಜುಯೇಟ್ ಹುಟ್ಟಿದ್ದಕ್ಕೆ ನಾನು ಹೊಡೆಯುವುದು.”

“ಸೈಲೆನ್ಸರ್ ಹಾಕಿ ಹೊಡೆದ್ರೆ ಯಾರಿಗೆ ಕೇಳುತ್ತೆ ಅಂಕಲ್?” ಎಂದೆ.

“ನಿನ್ನ ಅಪ್ಪನಿಗೆ ಕೇಳಿದರೆ ಸಾಕು.”

ಹೊಡೆದರು. ಯಾರೋ ದಪ್ಪ ಪುಸ್ತಕವನ್ನು ಕಲ್ಲಿನ ಮೇಲೆ ಬಡಿದಂತಾಯಿತು. ಮುಂದಿನ ಗುಂಡು ಕೂರಿಸುವ ಬೋಲ್ಟ್ ಹಿಂದೆ ಮುಂದೆ ಸರಿದ ಖಟಕ್. ಹೊಗೆ ಹಿಂದಕ್ಕೆ ಬಂದು ಅವರ ಮುಖಕ್ಕೇ ಬಡಿಯಿತು. ಅದರ ಹಿಂದೆಯೇ ದೂರದಲ್ಲಿ, ದಿಬ್ಬದ ಮುಂದೆ ಗುರಿಗೆಂದು ನೇತುಹಾಕಿದ್ದ ಕಬ್ಬಿಣದ ತಟ್ಟೆ ಠಣ್ ಎಂದಿತು. ಅವರು ಕಣ್ಣೊರೆಸಿಕೊಂಡು ಹಾಗೇ ನಿಂತರು. “ಕೇಳಿತಾ?” ಎಂದರು ಆಂಟಿಗೆ. “ತಟ್ಟೆ ಕೇಳಿತಾ ನಿನಗೆ? ನಲವತ್ತು ವರ್ಷದಲ್ಲಿ ನನ್ನ ಗುಂಡು ಮುಟ್ಟಿದ್ದನ್ನು ನಾನು ಕೇಳಿರಲಿಲ್ಲ. ಕಿವಿಯೊಳಗೆ ಬರೀ ಗುಂಯ್ ಅನ್ನುತ್ತಿತ್ತು.”

ಆಮೇಲೆ ಆ ತಟ್ಟೆಯನ್ನು ಕೇಳುವ ಆಸೆಗೇ ಇನ್ನೂ ಮೂವತ್ತು ಹೊಡೆದರು, ಚಿಕ್ಕ ಹುಡುಗನ ಹಾಗೆ. ಮುಗಿಸಿ ರೈಫಲ್ ಖಾಲಿ ಮಾಡಿ ಇಟ್ಟಾಗ, ಸಡಗರದಲ್ಲಿ ನಾನು ಬಿಚ್ಚಿಕೊಡೋಣವೆಂದು ಆ ಕೊಳವೆಗೆ ಕೈ ಹಾಕಿದೆ. ಕಾದ ಹಂಚು. ಬಲಗೈಯ ಎರಡು ಬೆರಳಿಗೆ ಬೊಬ್ಬೆ ಬಂತು. ಆಂಟಿ ಕ್ಯಾನಿನ ನೀರು ಸುರಿದರು. ಅಂಕಲ್ ಬಂದು, ಎಂದಿನಂತೆ ನನ್ನ ಎಡಗಡೆ ನಿಂತು, “ಮೊದಲು ನೋಡು?” ಎಂದರು. “ಆಮೇಲೆ ಮುಟ್ಟು” ಎಂದೆ ಅಳುತ್ತಾ. “ಡಿಗ್ರಿ ಬಂತು, ಇದು ಬರಲಿಲ್ಲ” ಎಂದರು. ಅಪ್ಪ ಅಷ್ಟು ಜೋರಾಗಿ ನಕ್ಕದ್ದನ್ನು ಈ ದೇಶದಲ್ಲಿ ನಾನು ಮೊದಲ ಸಲ ಕೇಳಿದ್ದು.

ಬ್ರಿಡ್ಜ್‌ವಾಟರ್‌ನ ಒಂದು ಕ್ಲಿನಿಕ್ಕಿನಲ್ಲಿ ನನಗೆ ಕೆಲಸ ಸಿಕ್ಕಿತು. ವರ್ಷಕ್ಕೊಮ್ಮೆ ಅವರು ಅಪಾಯಿಂಟ್‌ಮೆಂಟ್ ತೆಗೆದುಕೊಂಡು, ಎಲ್ಲರಂತೆ ವೇಟಿಂಗ್ ರೂಮಿನಲ್ಲಿ ಕೂತು ಬರುತ್ತಿದ್ದರು. ತೋರುಬೆರಳಿನಿಂದ ಗುಂಡಿ ಒತ್ತುತ್ತಿದ್ದರು. ಬಲಗಿವಿಯ ಗೆರೆ ನಿಂತಲ್ಲೇ ನಿಂತಿತ್ತು. “ಹಾಗೇ ಇದೆ ಅಂಕಲ್” ಎಂದರೆ, ಕಾಗದ ನಾಲ್ಕು ಮಡಿಕೆಯಾಗಿ ಜೇಬು ಸೇರುತ್ತಿತ್ತು. ಕ್ಲಿನಿಕ್ಕಿನ ಪಾರ್ಕಿಂಗ್‌ನಿಂದಲೇ ಆಂಟಿಗೆ ಫೋನ್ ಹೋಗುತ್ತಿತ್ತು. ಕಿಟಕಿಯಿಂದ ನೋಡುತ್ತಿದ್ದೆ. ಆ ಅರ್ಧ ಗಂಟೆ ನೋಡುವುದಕ್ಕಾಗಿ ಅವರ ನಂತರದ ಸ್ಲಾಟ್ ಖಾಲಿ ಬಿಡುತ್ತಿದ್ದೆ.

ಕಳೆದ ಚಳಿಗಾಲದಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ನಾನು ಆಸ್ಪತ್ರೆಗೆ ಹೋದಾಗ ಕಣ್ಣು ಮುಚ್ಚಿತ್ತು, ಮಾತು ಇರಲಿಲ್ಲ. ಆಂಟಿ ಬಲಗಡೆಯ ಕುರ್ಚಿಯಲ್ಲಿ ಕೂತು, ಅವರ ಕಿವಿಗೆ ಬಾಗಿ, ಮನೆಯ ಹೀಟರ್ ರಿಪೇರಿ, ಅಂಗಳದ ಹಿಮ, ಪಕ್ಕದ ಮನೆಯವರ ನಾಯಿ, ಹೀಗೆ ದಿನದ ವರದಿ ಒಪ್ಪಿಸುತ್ತಿದ್ದರು. “ಕೈ ನೋಡು” ಎಂದರು ನನಗೆ. ಹಾಸಿಗೆಯ ಮೇಲಿದ್ದ ಅವರ ಬಲಗೈಯ ತೋರುಬೆರಳು, ಆಂಟಿ ಮಾತಾಡಿದಾಗ ಮೆಲ್ಲಗೆ ಒತ್ತುತ್ತಿತ್ತು. ನಿಲ್ಲಿಸಿದರೆ ನಿಲ್ಲುತ್ತಿತ್ತು. ಆಂಟಿ ನಿಲ್ಲಿಸಲಿಲ್ಲ. ಎರಡು ದಿನ ಮಾತಾಡಿದರು.

ಅಂತ್ಯಕ್ರಿಯೆ ಮುಗಿದ ಮೇಲೆ ಅದೇ ಹೊಲಕ್ಕೆ ಹೋದೆವು: ಆಂಟಿ, ಅಪ್ಪ, ನಾನು, ಟೋಪಿ ತೆಗೆದು ನಿಂತ ಆ ಮುದುಕ. ಆಂಟಿ ಅದೇ ಹಳೆ ಟವೆಲ್ ಹಾಸಿ ರೈಫಲ್ ಇಟ್ಟರು. ಅಂಕಲ್ ಇಟ್ಟು ಹೋದ ಹಾಗೆಯೇ ಸೈಲೆನ್ಸರ್ ಅದರ ತುದಿಯಲ್ಲಿತ್ತು. ಆಂಟಿ ಖಾಲಿ ಇದೆಯೆಂದು ನೋಡಿದರು, ನನಗೆ ತೋರಿಸಿದರು.

“ಇದು ಎಲ್ಲರಿಗೂ ಕೇಳಬೇಕು. ಅದನ್ನು ತೆಗಿ” ಎಂದರು.

ನಾನು ಮೊದಲು ನೋಡಿದೆ. ಆಮೇಲೆ ಮುಟ್ಟಿದೆ. ಅವತ್ತು ಅದು ತಣ್ಣಗಿತ್ತು.

ಆಂಟಿಗೆ ಪ್ಲಗ್ ಹಾಕಿದೆ, ಅಪ್ಪನಿಗೂ ಆ ಮುದುಕನಿಗೂ ಕೊಟ್ಟೆ. ನಾನು ಹಾಕಿಕೊಳ್ಳಲಿಲ್ಲ. ಇದನ್ನು ನನ್ನ ಪೇಶೆಂಟುಗಳು ಯಾರೂ ಓದದಿರಲಿ. ಆಂಟಿ ದಿಬ್ಬಕ್ಕೆ ಗುರಿಯಿಟ್ಟು, ಒಂದರ ಹಿಂದೆ ಒಂದು, ಎರಡು ಈಡು ಹೊಡೆದರು. ಹೊಲದಾಚೆಯ ಮರಗಳಿಂದ ಕಾಗೆಗಳು ಎದ್ದವು. ದೂರದ ರಸ್ತೆಯಲ್ಲಿ ಯಾರೋ ಕಾರು ನಿಲ್ಲಿಸಿದರು. ನಾನು ಅಭ್ಯಾಸಬಲದಿಂದ ನನ್ನ ಎಡಗಡೆಗೆ ತಿರುಗಿದೆ.

ಸಂಜೆಯವರೆಗೂ ಕಿವಿಯೊಳಗೆ ಗುಂಯ್ ಎನ್ನುತ್ತಲೇ ಇತ್ತು. ನಿಲ್ಲದಿರಲಿ ಎನ್ನಿಸುತ್ತಿತ್ತು.