ಡ್ರೈವರಮ್ಮನಿಗೆ ಆರಿಸಿದ ಕಂಟ್ರೋಲರ್

ಎದುರು ಮನೆಗೆ ಬಾಡಿಗೆಗೆ ಬಂದ ಹೆಂಗಸು ಬೀಗದ ಮುಂದೆ ಆಗಿನಿಂದ ನಿಂತೇ ಇದ್ದಳು. ಕೀಲಿಕೈ ಒಳಗೆ ಹೋಗಿತ್ತು, ತಿರುಗುತ್ತಿರಲಿಲ್ಲ. ಚೆಕ್ಕಿಂಗಕ್ಕ ಬಾಗಿಲ ಸಂದಿಯಿಂದ ನೋಡಿ ನೋಡಿ ಕೊನೆಗೆ ಹೊರಗೆ ಬಂದಳು.

"ಸ್ವಲ್ಪ ತೆಗೆದುಕೊಡ್ತೀರಾ? ಇಪ್ಪತ್ತಾರು ವರ್ಷ ಬಸ್ಸಿನ ಸ್ಟೀರಿಂಗ್ ತಿರುಗಿಸಿದ ಕೈ ಇದು. ಈಗ ಬೀಗಕ್ಕೂ ಹೆದರುತ್ತೆ," ಎಂದು ಆ ಹೆಂಗಸು ನಕ್ಕಳು.

ಅಂದಿನಿಂದ ಅವಳು ಡ್ರೈವರಮ್ಮ. ಚೆಕ್ಕಿಂಗಕ್ಕನಿಗೆ ಹೆಸರು ಬಂದದ್ದು ಅಂಗಿ ಹೊಲಿಯುವ ಕಾರ್ಖಾನೆಯಿಂದ. ಗಂಡ ಹೋದ ಮೇಲೆ ಹದಿನೆಂಟು ವರ್ಷ ಅಲ್ಲಿ ಅಂಗಿಯ ಗುಂಡಿಗಳನ್ನು ಎಳೆದೆಳೆದು ನೋಡಿ ಪಾಸು ಮಾಡುವುದೇ ಅವಳ ಕೆಲಸವಾಗಿತ್ತು.

ಬಲಗೈಯ ನರಗಳು ಸೊರಗಿ ಡ್ರೈವರಮ್ಮ ತನ್ನ ಕೊನೆಯ ಟ್ರಿಪ್ಪನ್ನು ಅರ್ಧದಲ್ಲೇ ಬಿಟ್ಟಿದ್ದಳು. ಆರನೆಯ ಸ್ಟಾಪಿನಲ್ಲಿ ಬಸ್ಸನ್ನು ಪಕ್ಕಕ್ಕೆ ಹಾಕಿ, ಜನರನ್ನು ಹಿಂದೆ ಬಂದ ಬಸ್ಸಿಗೆ ಹತ್ತಿಸಿ ಇಳಿದವಳು ಮತ್ತೆ ಆ ಸೀಟಿನಲ್ಲಿ ಕೂರಲಿಲ್ಲ.

"ಹನ್ನೊಂದು ಸ್ಟಾಪಿನ ರೂಟು ಅಕ್ಕ. ಐದು ಬಾಕಿ ಉಳೀತು," ಎಂದು ಆಗಾಗ ಅನ್ನುವಳು.

ಅವಳ ತಮ್ಮನ ಮಗಳು ಹಳೆಯ ಗೇಮ್ ಪೆಟ್ಟಿಗೆಯೊಂದನ್ನು ಟಿವಿಗೆ ಜೋಡಿಸಿಕೊಟ್ಟು ಹೋದಳು. ಬಸ್ಸು ಓಡಿಸುವ ಆಟ ಅದರಲ್ಲಿತ್ತು, ಹನ್ನೊಂದು ಸ್ಟಾಪಿನ ರೂಟೂ ಇತ್ತು. ಇಲ್ಲದ್ದು ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್ ಒಂದೇ.

ಇಬ್ಬರೂ ಅಂಗಡಿಗೆ ಹೋದರು. ಪೆಟ್ಟಿಗೆ ಮಾಡಿದ ಕಂಪನಿಯದೇ ಕಂಟ್ರೋಲರಿನ ಬೆಲೆ ಕೇಳಿ ಡ್ರೈವರಮ್ಮ, "ಇದರ ಜೊತೆ ನಿಜವಾದ ಬಸ್ಸೂ ಕೊಡ್ತೀರೇನಪ್ಪ?" ಎಂದಳು. ಅಂಗಡಿಯವನು ನಕ್ಕು, ಬೇರೆ ಕಂಪನಿಗಳ ವೈರಿಲ್ಲದ ಎರಡು ಅಗ್ಗದವನ್ನು ಮುಂದಿಟ್ಟ. ಒಂದು ಹಗುರ. ಇನ್ನೊಂದರೊಳಗೆ ಆಟಕ್ಕೆ ತಕ್ಕಂತೆ ನಡುಗುವ ಮೋಟರು, ದೊಡ್ಡ ಬ್ಯಾಟರಿ, ಭಾರ.

ಚೆಕ್ಕಿಂಗಕ್ಕ ಎರಡನ್ನೂ ಸುಮ್ಮನೆ ಬಿಡಲಿಲ್ಲ. ಅಂಗಡಿಯ ಟಿವಿಯಲ್ಲಿ ಅದೇ ಆಟ ಹಾಕಿಸಿ, ಯಾರೂ ಮುಟ್ಟದಂತೆ ಕೌಂಟರಿನ ಮೇಲೆ ಇಡಿಸಿ, ಪರದೆಯ ಬಸ್ಸು ತಾನಾಗಿ ಅತ್ತಿತ್ತ ಸರಿಯುತ್ತದೆಯೇ ಎಂದು ನೋಡಿದಳು. ಒಂದೊಂದು ಗುಂಡಿಯನ್ನೂ ಇಪ್ಪತ್ತು ಸಲ ಒತ್ತಿದಳು. ಎರಡೂ ಪಾಸಾದವು. ಹಗುರವಾದದ್ದನ್ನು ಹಿಡಿದ ಡ್ರೈವರಮ್ಮ ಅದನ್ನು ಕೆಳಗಿಡಲೇ ಇಲ್ಲ.

"ಇದೇ ಸಾಕಕ್ಕ."

"ಟೊಳ್ಳು ಕಣೇ ಅದು. ಹಗುರ ಗುಂಡಿ ನಾನೆಷ್ಟು ನೋಡಿಲ್ಲ, ಎರಡು ಸಲ ಒಗೆದ್ರೆ ಚೂರಾಗುತ್ತೆ. ಇದನ್ನ ಹಿಡಿದು ನೋಡು, ಕೈ ತುಂಬ ಇದೆ."

"ಪಾಸ್ ಮಾಡೋಳು ನೀನು. ಆಯ್ತು."

"ಹತ್ತು ದಿನದೊಳಗೆ ಬದಲಾಯಿಸಿಕೊಡ್ತೀನಮ್ಮ," ಎಂದ ಅಂಗಡಿಯವನು.

"ಅದೇನೂ ಬೇಕಾಗಲ್ಲ ಬಿಡಪ್ಪ," ಎಂದಳು ಚೆಕ್ಕಿಂಗಕ್ಕ.

ದಿನಾ ಮಧ್ಯಾಹ್ನ ಹೊಲಿಗೆ ಹಿಡಿದು ಪಕ್ಕದಲ್ಲಿ ಕೂತು ಅವಳು "ರೈಟ್, ರೈಟ್" ಅನ್ನುವಳು. ಬಸ್ಸು ಹೊರಡುವುದು. ಮೂರನೆಯ ಸ್ಟಾಪಿಗೆ ಡ್ರೈವರಮ್ಮ ಕಂಟ್ರೋಲರನ್ನು ತೊಡೆಯ ಮೇಲೆ ಇಳಿಸಿಬಿಡುವಳು.

"ಏನೇ, ಮೂರೇ ಸ್ಟಾಪಿಗೆ ಡ್ಯೂಟಿ ಮುಗೀತಾ?"

"ಡೀಸೆಲ್ ಖಾಲಿ ಕಣಕ್ಕ."

"ಸೋಮಾರಿ. ಸಂಬಳ ಕಟ್ ಮಾಡಿಸ್ತೀನಿ."

ಇಬ್ಬರೂ ನಗುವರು. ಹತ್ತು ದಿನ ಹೀಗೇ ಕಳೆಯಿತು, ಆಮೇಲೆ ನಾಲ್ಕು ತಿಂಗಳೂ ಕಳೆಯಿತು. ಸಡಿಲ ದಾರವನ್ನು ಮಾರು ದೂರದಿಂದ ಹಿಡಿಯುವ ಕಣ್ಣಿಗೆ ಪಕ್ಕದಲ್ಲೇ ಕುಸಿಯುತ್ತಿದ್ದ ಮಣಿಕಟ್ಟು ಕಾಣಲಿಲ್ಲ. ಅಷ್ಟು ಮುತುವರ್ಜಿಯಿಂದ ಆರಿಸಿಕೊಟ್ಟವಳಿಗೆ ಹೇಗೆ ಹೇಳುವುದೆಂದು ಡ್ರೈವರಮ್ಮ ಬಾಯಿ ಬಿಡಲಿಲ್ಲ. ಕೇಳಬೇಕೆಂದು ಚೆಕ್ಕಿಂಗಕ್ಕನಿಗೆ ಹೊಳೆಯಲಿಲ್ಲ.

ಕೈ ಇನ್ನೂ ಸೋತಾಗ ಡ್ರೈವರಮ್ಮನನ್ನು ತಮ್ಮ ತನ್ನ ಮನೆಗೆ ಕರೆದುಕೊಂಡು ಹೋದ. ಅಲ್ಲಿಂದ ಆಮೇಲೆ ಬಂದದ್ದು ಅವಳು ತೀರಿಹೋದ ಸುದ್ದಿ.

ತಮ್ಮನ ಮನೆಗೆ ಹೊರಡುವ ಹಿಂದಿನ ದಿನ ಮಾತ್ರ ಬಸ್ಸು ಹನ್ನೊಂದನೆಯ ಸ್ಟಾಪು ಮುಟ್ಟಿತು. ಅದೊಂದೇ ಸಲ. ಹಗುರದ್ದನ್ನೇ ತಂದಿದ್ದರೆ ಎಷ್ಟು ಸಲ ಮುಟ್ಟುತ್ತಿತ್ತೋ ಎಂಬ ಯೋಚನೆ ಚೆಕ್ಕಿಂಗಕ್ಕನನ್ನು ಈಗಲೂ ಬಿಟ್ಟಿಲ್ಲ. ಅವತ್ತು ಬಟ್ಟೆ ಬ್ಯಾಗು ತುಂಬಿ ಬಾಗಿಲ ಬಳಿ ಇಟ್ಟಾಗಿತ್ತು. ಮೂರನೆಯ ಸ್ಟಾಪು ದಾಟಿತು, ಐದನೆಯದೂ ದಾಟಿತು. ಆರನೆಯದರ ಹತ್ತಿರ ಬಸ್ಸು ರಸ್ತೆಯ ಅಂಚಿಗೆ ವಾಲತೊಡಗಿತು. ಡ್ರೈವರಮ್ಮ ದಾರಿಯಿಂದ ಕಣ್ಣು ಕೀಳದೆ ಕೇಳಿದಳು. ಆಮೇಲೆ ಅವಳು ಏನನ್ನೂ ಕೇಳಿದ್ದಿಲ್ಲ.

"ಅಕ್ಕ, ಇದು ನಂಗೆ ಸ್ವಲ್ಪ ಭಾರ. ಕೆಳಗಿಂದ ಒಂಚೂರು ಹಿಡ್ಕೊಳ್ತೀಯಾ?"